ಪಾವತಿ

ಜೋಗೇಶ್ವರಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಬೆಳಗಾವಿ ಕಡೆಯ ತರುಣನೊಬ್ಬನಿದ್ದ. ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಹೊಸ್ತಿಲಲ್ಲಿ ಕೂತು ಎಲ್ಲರ ಅರ್ಜಿ ಬರೆದುಕೊಡುತ್ತಿದ್ದ. ನಾವು ಲಂಚ ಕೊಡುವುದನ್ನು ನಿಲ್ಲಿಸಿದರೆ ಸರಕಾರ ತಾನಾಗಿ ನೆಟ್ಟಗಾಗುತ್ತದೆಂದು ನಂಬಿದ್ದ. ಅರ್ಜಿ ಮಡಚಿ ಕೈಗಿಡುವಾಗ ಅವನದು ಒಂದೇ ಮಾತು: "ಪಾವತಿ ಇಲ್ಲದ ಬರಬ್ಯಾಡ್ರಿ."

ಅವನ ಕಡೆ ಪಾವತಿ ಎಂದರೆ ರಸೀದಿ. ಅವನ ಸ್ವಂತ ರೇಶನ್ ಕಾರ್ಡಿನ ಅರ್ಜಿಗೆ ಅಂಥ ಮೂರು ಪಾವತಿಗಳಿದ್ದವು. ಕಾರ್ಡು ಮಾತ್ರ ಬಂದಿರಲಿಲ್ಲ.

ಉಡುಪಿಯಿಂದ ಹೊಸದಾಗಿ ಬಂದಿದ್ದ ನನ್ನ ಅಮ್ಮನಿಗೆ ಪಾವತಿ ಎಂದರೆ ದುಡ್ಡು ಕೊಡುವುದು. ಅವನು ಬರೆದುಕೊಟ್ಟ ಅರ್ಜಿ ಹಿಡಿದು ಬೆಳಿಗ್ಗೆ ರೇಶನ್ ಆಫೀಸಿಗೆ ಹೋದವಳು ಮಧ್ಯಾಹ್ನವೇ ಕಾರ್ಡಿನೊಂದಿಗೆ ಮರಳಿದಳು. ಸಂಜೆ ಅವನಿಗೆ ತೋರಿಸಿದಳು.

"ನೀನು ಹೇಳಿದ ಹಾಗೇ ಗುಮಾಸ್ತನಿಗೆ ಪಾವತಿ ಮಾಡಿದೆ ಮಗಾ. ಕೂಡ್ಲೇ ಕೊಟ್ಟ. ನಿನ್ನ ಮಾತಿಗೆ ಎಷ್ಟು ಬೆಲೆ ಉಂಟು ನೋಡು!"

ಅವನು ಕಾರ್ಡನ್ನು ತಿರುವಿ ತಿರುವಿ ನೋಡಿದ. "ಚಲೋ ಆತ್ರಿ, ಅವ್ವಾ" ಎಂದಷ್ಟೇ ಹೇಳಿ ಮರಳಿಸಿದ.

ಸುದ್ದಿ ಚಾಳಿನಲ್ಲೆಲ್ಲ ಹಬ್ಬಿತು. ಮರುದಿನ ಅವನ ಹೊಸ್ತಿಲ ಮುಂದೆ ಎಂದೂ ಇಲ್ಲದಷ್ಟು ಜನ. ಉಡುಪಿ ಹೋಟೆಲಿನ ಅಡುಗೆ ಭಟ್ಟರಿಗೆ ಅರ್ಜಿ ಮಡಚಿ ಕೊಡುತ್ತ, ಅವನು ಮೊದಲ ಸಲ ಮಾತು ಬದಲಿಸಿದ: "ರಸೀದಿ ಇಸ್ಕೊಂಡ ಬರ್ರಿ."

"ಅದಿರಲಿ ಮಾರಾಯ," ಎಂದರು ಭಟ್ಟರು, "ಪಾವತಿ ಎಷ್ಟು?"