ನೆಲ ಇಲ್ಲದ ಗ್ರಹಕ್ಕ ಇಳಿಯೋರು ಯಾರು

ನಮ್ಮ ಮೊಮ್ಮಗಳಿಗೆ ಸೀಟು ಸಿಕ್ಕೈತಿ. ಗುರು, ಶನಿ ಅಂತ ದೊಡ್ಡ ಗ್ರಹ ಅದಾವಲ್ಲ, ಅವುಗಳ ಮೋಡದ ಕೆಳಗ ಏನೈತಿ ಅಂತ ಹುಡುಕೋ ಸಂಶೋಧನೆಯ ಓದು. ಇವತ್ತ ಮುಂಜಾನಿ ಫೋನ್ ಬಂತು. ಓಣಿ ತುಂಬ ಹೇಳಿಕೊಂಡು ಬಂದೀನಿ, ಹಾಲಿನವಗ ಎರಡು ಸಲ ಹೇಳೀನಿ. ನಾಕನೇತ್ತೆಗೆ ಸಾಲಿ ಬಿಟ್ಟು, ತಾರಿಹಾಳದ ಕಾರ್ಖಾನ್ಯಾಗ ಕಬ್ಬಿಣ ಕೊರದು ಮುದುಕ ಆದವ ನಾನು. ಬರಿಯೋ ರೂಢಿ ಇಲ್ಲ. ಇವತ್ತ ಬರೀಲಿಲ್ಲ ಅಂದ್ರ ಎದಿ ಒಡದ ಹೋಗತೈತಿ.

ಆದರ ಹೋದ ತಿಂಗಳು ಇದ ಸೀಟಿನ ಮಾತು ಕೇಳಿ ನಾನು ಅಂಜಿದ್ದೆ.

ಅವತ್ತ ಸಂಜಿಮುಂದ ಮೊಮ್ಮಗಳು ಬಾಜೂಕ ಬಂದು ಕುಂತು ಫೋನಿನಾಗ ಗುರು ಗ್ರಹ ತೋರಿಸಿದ್ಲು. ಕೆನಿ ಬಣ್ಣದ ಪಟ್ಟಿ, ಕಾವಿ ಬಣ್ಣದ ಪಟ್ಟಿ, ನಡುವ ಕೆಂಪನ್ನ ಸುಳಿ.

"ಚಂದ ಐತಿ. ಕೆಳಗ ಏನೈತಿ?" ಅಂದೆ.

"ಮೋಡ. ಅದರ ಕೆಳಗ ಮತ್ತ ಮೋಡ."

"ಅದರ ಕೆಳಗ? ನೆಲ?"

"ನೆಲ ಇಲ್ಲ ಅಜ್ಜಾ. ಇಳದಂಗ ಕತ್ತಲಿ, ಕಾವು, ಭಾರ. ಗಾಳಿನ ಒತ್ತಿ ಒತ್ತಿ ನೀರಿನಂಗ ಆಗತೈತಿ, ಇನ್ನೂ ಕೆಳಗ ಲೋಹದಂಗ."

"ಮೊದಲ ಕಂದೀಲು ಇಳಸ್ತಾರನು?"

"ಅಲ್ಲಿ ಕಂದೀಲು ಉರಿಯಂಗಿಲ್ಲ. ಉರಿಯಾಕ ಬೇಕಾದ ಗಾಳಿನ ಇಲ್ಲ."

ನನಗ ಹಗೇವು ನೆನಪಾತು. ಈಗಿನವರಿಗೆ ಹಗೇವು ಗೊತ್ತಿಲ್ಲ. ನಮ್ಮೂರಾಗ ಜ್ವಾಳ ಇಡಾಕ ಭೂಮಿಯಾಗ ತಗ್ಗು ತೋಡ್ತಿದ್ರು. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಮ್ಯಾಲ ಹಾಸಗಲ್ಲು ಇಟ್ಟು ಮಣ್ಣು ಮೆತ್ತೋದು. ಬಾಯಿ ತಗದ ಕೂಡ್ಲೆ ಒಳಗಿನ ಬಿಸಿ ಗಾಳಿ ಮಾರಿಗೆ ಬಡೀತಿತ್ತು. ತಾಸಗಟ್ಲೆ ಬಿಟ್ಟು, ಕಂದೀಲು ಇಳಿಸಿ ನೋಡಬೇಕು. ಆರಿತು ಅಂದ್ರ ಒಳಗ ಉಸಿರಾಡಾಕ ಗಾಳಿ ಇಲ್ಲ, ಯಾರೂ ಇಳಿಬಾರದು. ಹಗೇವು ಧಣ್ಯಾರದು, ಇಳಿಯೋರು ನಮ್ಮ ಓಣಿಯವರು.

ನಮ್ಮ ಕಾಕಾ ಇಳದ ದಿನ ಧಣ್ಯಾರಿಗೆ ಗಡಿಬಿಡಿ ಇತ್ತು, ಜ್ವಾಳ ಒಯ್ಯಾಕ ಚಕ್ಕಡಿ ಬಂದು ನಿಂತಿತ್ತು. ಕಂದೀಲು ಇಳಸಲಿಲ್ಲ. ಕಾಕಾ ಸೊಂಟಕ್ಕ ಹಗ್ಗ ಕಟ್ಟಿಕೊಂಡು ಇಳದ. ಒಮ್ಮೆ ನಮ್ಮಪ್ಪನ ಹೆಸರು ಹಿಡದು ಕೂಗಿದ. ಹಗ್ಗ ಜಗ್ಗಿದ್ರ ಭಾರ ಇತ್ತು, ಮಾತು ಇರಲಿಲ್ಲ. ನಾನು ಸಣ್ಣವ, ಅಲ್ಲೇ ನಿಂತಿದ್ದೆ.

ಈ ಹುಡುಗಿ ಅಂತಾಳ, ಅಲ್ಲಿ ತಳಾನ ಇಲ್ಲ ಅಂತ.

ಸಂದರ್ಶನಕ್ಕ ಹೊಂಡೋ ದಿನ ಬಂತು. ನಮ್ಮ ಮನ್ಯಾಗ ಹಿರೇರು ಅಂಗೈಗೆ ಸಕ್ಕರಿ ಹಾಕಿ "ಹೋಗಿ ಬಾ" ಅನ್ನದ ಯಾರೂ ಹೊಸ್ತಿಲ ದಾಟಂಗಿಲ್ಲ. ಮೊಮ್ಮಗಳು ಚೀಲ ಹೆಗಲಿಗೆ ಹಾಕ್ಕೊಂಡು ಕೈ ಚಾಚಿ ನಿಂತಳು. ನಾನು ಸಕ್ಕರಿ ಮುಷ್ಟ್ಯಾಗ ಹಿಡಕೊಂಡ ಕುಂತೆ.

"ರೈಲು ನಿಮ್ಮ ಸಲುವಾಗಿ ನಿಂದರೂದಿಲ್ಲರಿ," ಅಂದ್ಲು ನನ್ನ ಹೆಂಡತಿ. "ಮಂದಿ ಶನಿ ಬಿಟ್ಟು ಹೋಗಲಿ ಅಂತ ಎಣ್ಣಿ ಹಾಕ್ತಾರ. ನಿಮ್ಮ ಮೊಮ್ಮಗಳು ತಾನ ಅದರ ಬೆನ್ನು ಹತ್ಯಾಳ. ಆಕೀಗೆ ಇಲ್ಲದ ಅಂಜಿಕಿ ನಿಮಗ್ಯಾಕ?"

ಕಡೀಕ ಮೊಮ್ಮಗಳನ್ನ ಕೇಳಿದೆ: "ಯವ್ವಾ, ಅಲ್ಲಿ ಇಳಿಯೋರು ಯಾರು?"

ಆಕಿ ನಕ್ಕಳು. ನನ್ನ ಮಾರಿ ನೋಡಿ ನಗೂದು ಬಿಟ್ಟಳು. ಕಾಕಾನ ಸಂಗತಿ ಆಕೀಗೂ ಗೊತ್ತು. ಚೀಲ ಕೆಳಗಿಟ್ಟು ನನ್ನ ಮುಂದ ಕುಂತಳು.

"ಯಾರೂ ಇಳಿಯಂಗಿಲ್ಲ ಅಜ್ಜಾ. ಯಂತ್ರ ಇಳೀತೈತಿ. ಹಿಂದಕ ಒಂದು ಗುರು ಗ್ರಹಕ್ಕ ಇಳದಿತ್ತು. ತಾಸಿನ ಒಳಗ ಅದರ ಮಾತು ನಿಂತ ಹೋತು."

"ಆಮ್ಯಾಲ?"

"ನಜ್ಜಿ, ಕರಗಿ, ಅದರಾಗ ಕೂಡಿ ಹೋಗಿರತೈತಿ. ಯಾರೂ ನೋಡಿಲ್ಲ. ನಾವು ಇಲ್ಲೆ ಕುಂತು ಅದು ಹೇಳಿದ್ದು ಕೇಳೋರು, ಅಷ್ಟ."

ನಮ್ಮ ಮನಿತನದಾಗ ಮ್ಯಾಲ ಕುಂತು ಕೇಳೋ ಕೆಲಸ ಇಲ್ಲೀತನಕ ಯಾರಿಗೂ ಬಂದಿರಲಿಲ್ಲ. ಆಕಿ ಅಂಗೈಗೆ ಸಕ್ಕರಿ ಸುರುವಿದೆ. "ಹೋಗಿ ಬಾ" ಅಂದೆ.

ಅಂಜಿಕಿ ಮಾತ್ರ ಹೋಗಲಿಲ್ಲ. ಹಗಲ ಹೊತ್ತು ಅಡ್ಡಾದ್ರೂ ಸಾಕು, ಕಣ್ಣ ಮುಂದ ಅದ: ಒಂದು ಕಬ್ಬಿಣದ ಗುಂಡು ಕತ್ತಲ್ಯಾಗ ಬೀಳಾಕತ್ತೈತಿ, ಸುತ್ತ ಗಾಳಿ ಭೋರ್ ಅಂತೈತಿ, ಏನರ ತಾಕೀತು ಅಂತ ನಾನು ಕಾಯತೇನಿ, ಏನೂ ತಾಕೂದಿಲ್ಲ. ಅಷ್ಟು ದೊಡ್ಡದರಾಗ ಕಾಲೂರಾಕ ಒಂದು ಗೇಣು ಜಾಗ ಇಲ್ಲ. ಜೀವ ಇಲ್ಲದ ಯಂತ್ರಕ್ಕೂ ಹಂಗ ಆಗಬಾರದು ಅನಸ್ತೈತಿ.

ಇವತ್ತ ಸಂಜಿಗೆ ತಾಲೂಕು ಕಚೇರಿಯಿಂದ ಮಗ ಲಗೂನ ಬಂದ. ಸೊಸಿ ಗೋಧಿ ಹುಗ್ಗಿ ಮಾಡಿದ್ಲು. ಐದೂ ಮಂದಿ ಪಡಸಾಲ್ಯಾಗ ಕೂಡೇ ಉಣ್ಣಾಕ ಕುಂತ್ವಿ. ನನ್ನ ಹೆಂಡತಿ ಮೊಮ್ಮಗಳ ತಾಟಿಗೆ ತುಪ್ಪ ಬಿಡತಿದ್ಲು.

"ಖರೇ ಹೇಳು," ಅಂದೆ ನಾನು, "ಎಲ್ಲಾದರ ಕೆಳಗ, ಕಟ್ಟಕಡೀಕ, ಏನೈತಿ?"

"ಯಾರಿಗೂ ಪೂರಾ ಗೊತ್ತಿಲ್ಲ ಅಜ್ಜಾ. ಗೊತ್ತಿದ್ರ ನನಗ್ಯಾಕ ಸೀಟು ಕೊಡತಿದ್ರು?"

ಎಲ್ಲಾರೂ ನಕ್ರು. ನಾನು ಹುಗ್ಗಿ ಕಲಸಿಕೋತ ಮೊಮ್ಮಗಳನ್ನ ನೋಡಿದೆ. ಸೊಸಿ ಇನ್ನೊಂದು ಸೌಟು ಹುಗ್ಗಿ ಬಡಿಸಿ, "ಆರತೈತಿ, ಉಣ್ರಿ ಮಾಂವಾರ," ಅಂದ್ಲು. ಉಂಡೆ.