ಊಟಕ್ಕೆ ಬಂದ ಬೈಕಿನವರು

ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದೆ, ಹಾಲು ಕರೆದೆ, ಡೈರಿಗೆ ಹಾಕಿ ಬಂದೆ. ಅಂಗಳದಲ್ಲಿ ಚಾಪೆ ಹಾಸಿ ಕಾಳುಮೆಣಸು ಹರವಿದೆ. ನಾಟಿಕೋಳಿ ಹಸನು ಮಾಡಿ ಸಾರಿಗಿಟ್ಟೆ. ಅಕ್ಕಿತರಿ ಬೇಯಿಸಿ ಕಡುಬು ಕಟ್ಟಿದೆ. ಬಿಸಿಯಲ್ಲೇ ಕಟ್ಟಿ ಕಟ್ಟಿ ಅಂಗೈ ಕೆಂಪಾಯಿತು. ಊಟಕ್ಕೆ ಯಜಮಾನರ ಬೈಕ್ ಕ್ಲಬ್ಬಿನವರು ಬರುವವರಿದ್ದರು. ಎಲ್ಲರೂ ಸೈನ್ಯದಿಂದ ನಿವೃತ್ತರಾದವರೇ.

ಕ್ಲಬ್ಬು ಸೇರುವ ಮುಂಚೆ ಯಜಮಾನರು ಮನೆಯಲ್ಲಿ ಮಾತಾಡುತ್ತಿದ್ದುದೇ ಕಡಿಮೆ. ಬ್ಯಾರಕ್ಕಿನ ಹಿಂದಿ ತಮಾಷೆ ಹೇಳುವರು. ಅರ್ಥವಾದರೆ ತಾನೇ ನಾನು ನಗುವುದು? ಜೊತೆಯಲ್ಲೇ ಸೈನ್ಯದಲ್ಲಿದ್ದ ಬೆಳಗೋಡಿನ ಗೆಳೆಯರೊಬ್ಬರು ಅವರನ್ನು ಕ್ಲಬ್ಬಿಗೆ ಎಳೆದುಕೊಂಡು ಹೋದರು. ಅಲ್ಲಿಂದ ಮುಂದೆ ಶನಿವಾರ ಬಂತೆಂದರೆ ಬೈಕು ಒರೆಸುತ್ತಾ ಶಿಳ್ಳೆ. ನನಗೂ ಸಮಾಧಾನವೇ. ಆ ಗೆಳೆಯರಿಗಂತೂ ಹೆಂಡತಿ ತೀರಿಕೊಂಡ ಮೇಲೆ ಇದ್ದದ್ದೇ ಆ ಗುಂಪು.

ಆಲೂರಿನಲ್ಲಿ ಸೇರಿ, ಸಕಲೇಶಪುರ ದಾಟಿ ಕೋಟೆ ನೋಡಿ, ವಾಪಸು ಬರುವಾಗ ನಮ್ಮಲ್ಲಿ ಊಟ ಎಂದಿತ್ತು. ಆದರೆ ಮೊದಲು ಬಾಗಿಲಿಗೆ ಬಂದದ್ದು ಒಂದು ಆಟೋ, ಅದರ ಹಿಂದೆ ಯಜಮಾನರ ಬೈಕು. ಅವರು ಹೆಗಲು ಕೊಟ್ಟು ಬೆಳಗೋಡಿನ ಗೆಳೆಯರನ್ನು ಇಳಿಸಿದರು. ತಿರುವಿನಲ್ಲಿ ಜಲ್ಲಿಯ ಮೇಲೆ ಬೈಕು ಜಾರಿ ಬಿದ್ದಿದ್ದರಂತೆ. ಮಂಡಿಗೆ ಪಟ್ಟಿ ಕಟ್ಟಿತ್ತು. ಮೂಳೆ ಮುರಿದಿಲ್ಲ, ಆದರೆ ಕಾಲು ಊರಲೇಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಉಳಿದವ್ರೆಲ್ಲಿ?" ಅಂದೆ.

"ಕೋಟೆಗೆ ಹೋದ್ರು. ಬಿಸಿಲು ಏರಿದ್ರೆ ಫೋಟೋ ಸರಿಯಾಗಿ ಬರಾಕಿಲ್ವಂತೆ ಕಣೇ."

ಜಗಲಿಯಲ್ಲಿ ಹಾಸಿಗೆ ಹಾಕಿ ಮಲಗಿಸಿದೆವು. ಮಧ್ಯಾಹ್ನ ಆ ಉಳಿದವರೂ ಬಂದರು, ದನ ಬೆದರಿ ಹಗ್ಗ ಜಗ್ಗುವಷ್ಟು ಸದ್ದು ಮಾಡುತ್ತಾ. ಎಲ್ಲರ ಜಾಕೆಟ್ಟಿನ ಬೆನ್ನ ಮೇಲೆ 'ಜೊತೆಗಾರನನ್ನು ಬಿಟ್ಟು ಬರುವುದಿಲ್ಲ' ಎಂಬ ಬರಹ. ಬೂಟುಗಾಲಲ್ಲಿ ನನ್ನ ಮೆಣಸಿನ ಚಾಪೆ ತುಳಿದರು. ಕುಡಿಯುವ ನೀರಿನ ಕೊಳಗದಲ್ಲೇ ಒಬ್ಬ ಕೈ ಅದ್ದಿ ಮುಖ ತೊಳೆದ. ಅಲ್ಲಿಯವರೆಗೂ ಸಹಿಸಿಕೊಂಡೆ.

ಅವರ ಮುಂದಾಳು ಸೈನ್ಯದಲ್ಲಿ ಮೇಲಿನ ಹುದ್ದೆಯಲ್ಲಿದ್ದವರು. ಕ್ಲಬ್ಬಿನಲ್ಲಿ ಮೇಲು ಕೀಳಿಲ್ಲ, ಎಲ್ಲರೂ ಅಣ್ಣತಮ್ಮಂದಿರು ಎಂದು ಹೇಳುವವರು. ಜಗಲಿ ಮುಂದೆ ನಿಂತು, "ಏನಪ್ಪಾ ಜವಾನ್, ಮಲಗೇಬಿಟ್ಟೆಯಲ್ಲ! ಏಳು, ಜಾಕೆಟ್ ಹಾಕ್ಕೋ. ನೀನಿಲ್ದೆ ಗ್ರೂಪ್ ಫೋಟೋ ಹಾಕಿದ್ರೆ ಜನ ಏನಂತಾರೆ?" ಎಂದರು.

"ಕಾಲು ಊರಬಾರ್ದು ಅಂದವ್ರೆ ಕಣ್ರೀ ಡಾಕ್ಟ್ರು," ಅಂದೆ.

"ಒಂದೇ ನಿಮಿಷ ಅಮ್ಮಾ."

"ಕೂತ್ಕಂಡೇ ಇರ್ಲಿ ಬುಡಿ ಸಾರ್," ಎಂದರು ಯಜಮಾನರು.

ಗೆಳೆಯರು ಯಜಮಾನರ ಕೈ ಜಗ್ಗಿದರು. "ಸುಮ್ಕಿರು ಮಾರಾಯ, ನಿಂತ್ಕತೀನಿ. ಕೈಲಾಗದೋನು ಅಂತ ಗುಂಪಿಂದ ತೆಗೆದ್ಬುಡ್ತಾರೆ."

ಇಬ್ಬರು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಗೆಳೆಯರ ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು, ಆದರೂ ಅವರು ನಕ್ಕರು. ಸುತ್ತಲೂ ಎಲ್ಲರೂ ಹಲ್ಲು ಕಿರಿದರು. ತನ್ನ ಕನ್ನಡಕ ಸರಿಯಾಗಿ ಕೂತಿರಲಿಲ್ಲವೆಂದು ಒಬ್ಬ ಎರಡನೇ ಸಲ ಫೋಟೋ ತೆಗೆಸಿದ. ಯಜಮಾನರನ್ನೂ ಕರೆದರು, ಅವರು ಕೊಟ್ಟಿಗೆಯ ಹತ್ತಿರದಿಂದ ಕದಲಲಿಲ್ಲ.

ಊಟಕ್ಕೆಂದು ಕರೆದವರಿಗೆ ಇಲ್ಲವೆನ್ನುವುದು ನಮ್ಮ ಮನೆಯಲ್ಲಿಲ್ಲ. ಬಡಿಸಿದೆ. ಮುಂದಾಳು ಮೂಳೆ ಚೀಪುತ್ತಾ, "ಕಡುಬು ಫಸ್ಟ್ ಕ್ಲಾಸ್," ಎಂದರು. ಹೇಸಿಗೆಯಿಂದ ಅವರ ಮುಖ ನೋಡಲಾಗದೆ ಅವರ ತಟ್ಟೆಯನ್ನೇ ನೋಡಿಕೊಂಡು ಸಾರು ಹಾಕಿದೆ. ಹೋಗುವಾಗ ಗೆಳೆಯರ ಬೈಕು ತಿರುವಿನಲ್ಲೇ ಬಿದ್ದಿದೆ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಸಂಜೆಯ ಹೊತ್ತಿಗೆ ಗೆಳೆಯರ ಮಂಡಿ ಇನ್ನಷ್ಟು ಊದಿತ್ತು. ಗೆಳೆಯರು ಫೋನಿನಲ್ಲಿ ಆ ಫೋಟೋ ನೋಡುತ್ತಿದ್ದರು.

"ಇನ್ನು ನಾನು ಹೋಗಾಕಿಲ್ಲ," ಎಂದರು ಯಜಮಾನರು. "ಕಾಲು ವಾಸಿಯಾಗ್ಲಿ. ಭಾನುವಾರ ನಾವಿಬ್ರೇ ಪಾಳ್ಯದ ಗಂಟ ಹೋಗಿ ಟೀ ಕುಡ್ದು ಬರಾಣ."

"ಇಬ್ರಿದ್ರೆ ಅದು ಕ್ಲಬ್ಬೇನೋ?" ಎಂದರು ಗೆಳೆಯರು.

ನಾನು ಊಟಕ್ಕೆ ಎಲೆ ಹಾಕಿದೆ.

ಉಳಿದ ಕಡುಬನ್ನು ಬಿಸಿ ಮಾಡಿ, ಮೊಸರು, ಮಾವಿನಮಿಡಿ ಉಪ್ಪಿನಕಾಯಿ ಹಾಕಿಕೊಂಡು ತಿಂದೆವು. ಕೋಳಿಸಾರು ಮೂವರಿಗೂ ಬೇಡವಾಯಿತು. ಗೆಳೆಯರು ಮಾತ್ರೆ ನುಂಗಿ ಮೊದಲು ಮಲಗಿದರು, ಆಮೇಲೆ ನಾನು. ಯಜಮಾನರು ಜಗಲಿಯಲ್ಲೇ ಕೂತಿದ್ದರು.