ತಂಗಿಗೆ ದೃಷ್ಟಿ ತಾಗದ ಹಾಗೆ

ನನ್ನ ತಂಗಿ ಜಾಣೆ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ಅವಳೆದುರೂ ಹೇಳಿರಲಿಲ್ಲ, ಬೇರೆಯವರೆದುರೂ ಹೇಳಿರಲಿಲ್ಲ.

ನಮ್ಮದು ಶಿಕಾರಿಪುರದ ಕಡೆ ಕುರಿ ಸಾಕುವ ಮನೆ. ಹಿಂಡಿನಲ್ಲಿ ಒಂದು ಮರಿ ಚೆನ್ನಾಗಿ ಬೆಳೆಯುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೊಗಳುವುದಿಲ್ಲ, ದೃಷ್ಟಿಯಾಗುತ್ತದೆ. ಯಾರಾದರೂ ಕೇಳಿದರೆ, “ಅದಾ? ಬಡಕಲು ಬಿಡ್ರಿ, ಮೇವು ದಂಡ” ಎನ್ನುತ್ತೇವೆ. ಮರಿ ತಲೆ ಕೆಡಿಸಿಕೊಳ್ಳದೆ ಮೇಯುತ್ತಾ ಹೋಗುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇದೇ ವಿದ್ಯೆಯನ್ನು ತಂಗಿಯ ಮೇಲೂ ಪ್ರಯೋಗಿಸಿದೆ.

ಪಿಯುಸಿಯಲ್ಲಿ ಅವಳು ಕಾಲೇಜಿಗೇ ಮೊದಲು ಬಂದಾಗ ಪಕ್ಕದ ಮನೆಯವರು ಪೇಡೆ ಕೇಳಿದರು. “ಪೇಪರ್ ತಿದ್ದಿದೋರನ್ನ ಕೇಳ್ರಿ ಪೇಡೆ, ಕಣ್ಣು ಮಂಜಾಗಿತ್ತೇನೋ ಅವರಿಗೆ” ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಒಳಗೊಳಗೇ ಬೀಗುತ್ತಿದ್ದೆ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಈಗ ಅವಳು ಸೊರಬದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಮೊನ್ನೆ ಅತ್ತೆ ಫೋನ್ ಮಾಡಿದರು.

“ಯೂನಿವರ್ಸಿಟಿ ಸೆಮಿನಾರಲ್ಲಿ ಮಾತಾಡೋಕೆ ಅವ್ರ ಸರ್ರು ಇವಳನ್ನೇ ಆರಿಸಿದ್ರಂತೆ ಕಣೋ. ಇವಳು ಆಗಲ್ಲ ಅಂದ್ಬಿಟ್ಟಿದಾಳೆ. ನಾಳೆ ಬೇರೆಯೋರ ಹೆಸರು ಕಳಿಸ್ತಾರಂತೆ. ನೀನಾದ್ರೂ ಬಂದು ಹೇಳು.”

ಕುರಿಗಳನ್ನು ಅಪ್ಪನಿಗೆ ಒಪ್ಪಿಸಿ ಅವತ್ತೇ ಸೊರಬದ ಬಸ್ಸು ಹತ್ತಿದೆ. ತಂಗಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಯಾಕೆ ಆಗಲ್ಲ ಅಂದಿ?”

“ನಂಗೆ ಬರಲ್ಲಣ್ಣ. ಇಷ್ಟು ದಿನ ಹೆಂಗೋ ಮಾರ್ಕ್ಸ್ ಬಂದಾವೆ. ಅಲ್ಲಿ ಎದ್ದು ನಿಂತ್ರೆ ಬಂಡವಾಳ ಗೊತ್ತಾಗ್ತದೆ. ನೀನೇ ಅಂದಿದ್ಯಲ್ಲ, ತಿದ್ದಿದೋರ ಕಣ್ಣು ಮಂಜಾಗಿತ್ತು ಅಂತ.”

“ಅದು ತಮಾಷೆಗೆ.”

“ತಮಾಷೆ ಅಂತ ಯಾವತ್ತು ಹೇಳಿದ್ದೆ?”

ಅಡುಗೆಮನೆಯಿಂದ ಅತ್ತೆ ದನಿ ಕೂಡಿಸಿದರು: “ಕುರಿ ಜೊತೆ ಮಾತಾಡಿ ಮಾತಾಡಿ ಅವನಿಗೆ ಮನುಷ್ಯರ ಮಾತು ಮರ್ತೋಗಿದೆ ಕಣೇ.”

ಬೇರೆ ದಾರಿಯಿಲ್ಲದೆ ದೃಷ್ಟಿಯ ವಿಷಯ ಬಾಯಿಬಿಟ್ಟೆ. ಅವಳು ಮೊರ ಕೆಳಗಿಟ್ಟಳು.

“ಮರಿಗೆ ನಿನ್ನ ಮಾತು ತಿಳೀತಿರಲಿಲ್ಲ. ನಂಗೆ ತಿಳೀತಿತ್ತಲ್ಲಣ್ಣ.”

ಆಚೆಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ ನಮ್ಮ ಕಡೆಗೇ ಕಿವಿಗೊಟ್ಟಿದ್ದಳು. ದೃಷ್ಟಿಯ ಹೆದರಿಕೆ ನನಗೆ ಇನ್ನೂ ಹೋಗಿರಲಿಲ್ಲ. ಆದರೂ ಆ ಹೆಂಗಸಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ನೀನು ಜಾಣೆ. ಆ ಮಾರ್ಕ್ಸೆಲ್ಲ ನೀನೇ ಓದಿ ತಗಂಡಿದ್ದು. ಮೊದ್ಲಿಂದ್ಲೂ ನಂಗೆ ಗೊತ್ತಿತ್ತು, ಹೇಳ್ಲಿಲ್ಲ. ತಪ್ಪಾತು ತಂಗಿ.”